ಅಂಕಿತಕ್ಕೂ ಮೊದಲೇ ಹೊಡೆದ ಗಂಟೆ

ಹೋದ ಶ್ರಾವಣದಲ್ಲಿ ನಮ್ಮೂರಿನ ಭಜನಾ ಮೇಳ ಒಂದು ಸ್ಪರ್ಧೆಗೆ ಹೋಗಿತ್ತು. ಎಂಟು ಜನ ನಾವು. ಪೇಟಿ ನನ್ನದು, ತಬಲಾ ನನ್ನ ಅಳಿಯನದು, ಒಬ್ಬರ ಕೈಯಲ್ಲಿ ದಮ್ಮಡಿ, ಉಳಿದವರ ಕೈಯಲ್ಲಿ ತಾಳ. ಮುಂದೆ ಹಾಡುವವರು ನಮ್ಮ ಬಡಿಗ್ಯಾರ ಓಣಿಯ ಹಿರಿಯರು. ವಯಸ್ಸು 71. ಅವರು ಎತ್ತಿಕೊಂಡದ್ದು ಕಡಕೋಳ ಮಡಿವಾಳಪ್ಪನವರ ಪದ, ನಾಲ್ಕು ನುಡಿ. ಒಂದೊಂದೇ ನುಡಿ ಬಿಡಿಸಿ, ಹಿಂದಿನವರಿಗೆ ಪಲ್ಲವಿ ಬಿಟ್ಟುಕೊಟ್ಟು, ಮೂರು ಮುಗಿಸಿ ನಾಲ್ಕನೆಯದನ್ನು ಮೇಲಿನ ಷಡ್ಜಕ್ಕೆ ಒಯ್ದು ಹಿಡಿದಿದ್ದರು. ಅಷ್ಟರಲ್ಲಿ ಟೇಬಲ್ಲಿನ ಮೇಲಿದ್ದ ಗಂಟೆ ಹೊಡೆಯಿತು. ಹತ್ತು ನಿಮಿಷ ಮುಗಿದಿತ್ತು. ಮೈಕಿನಲ್ಲಿ ಮುಂದಿನ ಮೇಳದ ಹೆಸರು ಕೂಗಿದರು.

ನಾವು ತಾಳ ಸುತ್ತಿಕೊಂಡು ಇಳಿದೆವು. ಹಿರಿಯರು ಮಾತಾಡಲಿಲ್ಲ. ಊಟಕ್ಕೆ ಕೂತಾಗಲೂ ಇಲ್ಲ. ಸಂಜೆ ಟೆಂಪೋದಲ್ಲಿ ಊರಿಗೆ ಮರಳುವಾಗ ಹಳ್ಳದ ಸೇತುವೆ ದಾಟುತ್ತಿದ್ದಂತೆ ಅವರು ಮೆಲ್ಲಗೆ ಆ ನಾಲ್ಕನೇ ನುಡಿ ಹಾಡಿದರು. ಪೇಟಿ ಇಲ್ಲ, ತಾಳ ಇಲ್ಲ. ಮಹಾಂತನ ಅಂಕಿತ ಬಂದಾಗ ಎರಡೂ ಕೈ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಮಾಸ್ತರ, ಗುರುವಿನ ಹೆಸರ ಹೇಳದ ಇಳದ ಬಂದಿದ್ವಿ. ಈಗ ಸಮಾಧಾನ ಆತು" ಅಂದರು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ನಾನು ಈ ಬರಹಕ್ಕೆ ಕೂತದ್ದೇ ಅದಕ್ಕಾಗಿ.

ಸ್ಪರ್ಧೆ ಏರ್ಪಡಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ಆ ದಿನ 40ಕ್ಕೂ ಹೆಚ್ಚು ಮೇಳ ಬಂದಿದ್ದವು. ಎಲ್ಲರಿಗೂ ಅವಕಾಶ ಕೊಡಬೇಕು, ಎಲ್ಲರಿಗೂ ಊಟ ಹಾಕಬೇಕು, ಸಂಜೆಯೊಳಗೆ ಬಹುಮಾನ ಹಂಚಬೇಕು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ಆದರೆ ಹತ್ತು ನಿಮಿಷದ ಈ ಲೆಕ್ಕ ಇವತ್ತು ನಮ್ಮ ಭಾಗದ ಭಜನೆಯನ್ನು ಒಳಗಿನಿಂದ ಬದಲಿಸುತ್ತಿದೆ. ಮೇಳಗಳು ವರ್ಷವಿಡೀ ಆ ಹತ್ತು ನಿಮಿಷಕ್ಕಾಗಿಯೇ ತಾಲೀಮು ಮಾಡುತ್ತಿವೆ. ಅದರಲ್ಲಿ ಕೂರದ ಪದಗಳು ಒಂದೊಂದಾಗಿ ಬಾಯಿಂದ ಬಿಟ್ಟುಹೋಗುತ್ತಿವೆ. ಇದನ್ನು ಈಗಲೇ ಹೇಳದಿದ್ದರೆ, ಆ ಪದ ಬಲ್ಲವರು ಇರುವಾಗ ಹೇಳದಂತಾಗುತ್ತದೆ.

ನಮ್ಮದು ಕುಂದಗೋಳ ತಾಲ್ಲೂಕಿನ ಸಣ್ಣ ಊರು. ಮೇಳ ಯಾವಾಗ ಶುರುವಾಯಿತೆಂದು ಯಾರೂ ಬರೆದಿಟ್ಟಿಲ್ಲ. ನನ್ನ ಅಜ್ಜ ಹಾಡುತ್ತಿದ್ದರು, ದೊಡ್ಡಪ್ಪ ಪೇಟಿ ಬಾರಿಸುತ್ತಿದ್ದರು. ದೊಡ್ಡಪ್ಪನದು ಕಿರಾಣಿ ಅಂಗಡಿ. ಉದ್ರಿ ಬರೆಯುವ ಕೆಂಪು ಬಟ್ಟೆಯ ಉದ್ದನೆಯ ವಹಿ ಇರುತ್ತದಲ್ಲ, ಅಂಥದೇ ಒಂದು ವಹಿಯನ್ನು ಅವರು ಪದಗಳಿಗೆಂದು ತೆಗೆದಿಟ್ಟಿದ್ದರು. ಬೇರೆ ಊರಿನ ಮೇಳ ಬಂದು ಹೊಸ ಪದ ಹಾಡಿದರೆ ಬೆಳಿಗ್ಗೆ ಅವರನ್ನು ಅಂಗಡಿಗೆ ಕರೆದು, ಚಹಾ ಕೊಟ್ಟು, ಸಾಲುಸಾಲಾಗಿ ಹೇಳಿಸಿ ಬರೆದುಕೊಳ್ಳುತ್ತಿದ್ದರು. ಮೇಲೆ ಮಟ್ಟು, ಠೇಕಾ. ಕೆಳಗೆ ಹೇಳಿದವರ ಊರು. ಅವರು ತೀರಿಕೊಂಡ ಮೇಲೆ ವಹಿ ನನ್ನ ಕೈಗೆ ಬಂತು. ಎಣಿಸಿದೆ: 214 ಪದ.

ಆ ವಹಿಯನ್ನು ತಿರುವಿದರೆ ಕರ್ನಾಟಕದ ನಕಾಶೆಯನ್ನೇ ತಿರುವಿದಂತಾಗುತ್ತದೆ. ಮೊದಲಲ್ಲಿ ನಿಜಗುಣ ಶಿವಯೋಗಿಗಳ ಕೈವಲ್ಯ ಪದ್ಧತಿಯ ಪದಗಳು. ಅವರು ಇದ್ದದ್ದು ದೂರದ ಕೊಳ್ಳೇಗಾಲದ ಸೀಮೆಯಲ್ಲಿ, ಶಂಭುಲಿಂಗನ ಬೆಟ್ಟದಲ್ಲಿ, ಸುಮಾರು 500 ವರ್ಷಗಳ ಹಿಂದೆ. ಅಲ್ಲಿಂದ ಆ ಪದಗಳು ಮಠದಿಂದ ಮಠಕ್ಕೆ, ಬಾಯಿಂದ ಬಾಯಿಗೆ ನಡೆದು ನಮ್ಮ ಎರೆಭೂಮಿ ಮುಟ್ಟಿವೆ. ಹುಬ್ಬಳ್ಳಿಯಲ್ಲಿ ಸಿದ್ಧಾರೂಢರು ನಿಜಗುಣರ ಶಾಸ್ತ್ರವನ್ನು ಸಾಮಾನ್ಯ ಜನರ ನಡುವೆ ಕೂತು ಬಿಡಿಸಿ ಹೇಳಿದ್ದರಿಂದ, ಇಲ್ಲಿಯ ಒಕ್ಕಲಿಗನಿಗೂ ನೇಕಾರನಿಗೂ ಕೈವಲ್ಯ ಅನ್ನುವ ಶಬ್ದ ಮನೆಯ ಮಾತಾಯಿತು. ಸಿದ್ಧಾರೂಢರು 1929ರಲ್ಲಿ ತೀರಿಕೊಂಡರು. ಅವರನ್ನು ಕಣ್ಣಾರೆ ಕಂಡಿದ್ದ ನನ್ನ ಅಜ್ಜ, ಮಠದ ಭಜನೆಯಲ್ಲಿ ಕೇಳಿದ ಪದವನ್ನು ಊರು ತಲುಪುವವರೆಗೆ ಗುನುಗುತ್ತ ನಡೆದು ಬಂದು ಕಲಿತೆ ಅಂತ ಹೇಳುತ್ತಿದ್ದರು.

ನಿಜಗುಣರ ನಂತರ ಬೆಂಗಳೂರಿನ ಸರ್ಪಭೂಷಣ ಶಿವಯೋಗಿಗಳು, ಮುಳಗುಂದದ ಬಾಲಲೀಲಾ ಮಹಾಂತ ಶಿವಯೋಗಿಗಳು. ಆಮೇಲೆ ಪುರಂದರದಾಸರು, ಕನಕದಾಸರು. ಆಮೇಲೆ ಕಲಬುರಗಿ ಕಡೆಯ ಕಡಕೋಳ ಮಡಿವಾಳಪ್ಪ ಮತ್ತು ಅವರ ಶಿಷ್ಯರು. ಅವರಲ್ಲಿ ಚನ್ನೂರಿನ ಜಲಾಲಸಾಹೇಬರೂ ಇದ್ದಾರೆ, ಖೈನೂರಿನ ಕೃಷ್ಣಪ್ಪನೂ ಇದ್ದಾನೆ. ಇವೆಲ್ಲಕ್ಕಿಂತ ಹೆಚ್ಚು ಪುಟ ತುಂಬಿರುವುದು ನಮ್ಮ ಸನಿಹದ ಶಿಶುನಾಳ ಶರೀಫರಿಂದ. ಅವರ ಗುರು ಗೋವಿಂದ ಭಟ್ಟರ ಕಳಸ ನಮ್ಮ ತಾಲ್ಲೂಕಿನ ಊರೇ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರ ಪದಗಳನ್ನು ದಶಕಗಳ ಕಾಲ ಉಳಿಸಿದ್ದು ಹಾಡುವವರ ಗಂಟಲು. ಮೊಹರಮ್ಮಿನ ಅಲಾವಿಗೆ ಅವರು ಕಟ್ಟಿದ ರಿವಾಯತ್ ಪದಗಳೂ ವಹಿಯಲ್ಲಿವೆ. ದೊಡ್ಡಪ್ಪ ಅವುಗಳ ಕೆಳಗೆ ಬರೆದ ಹೆಸರು ನಮ್ಮೂರ ಪಿಂಜಾರ ಓಣಿಯದು.

ಮಟ್ಟುಗಳ ಕಥೆ ಬೇರೆಯೇ ಇದೆ. ಕೈವಲ್ಯ ಪದ್ಧತಿಯ ಪದಗಳಿಗೆ ಹಳೆಯ ರಾಗಗಳ ಹೆಸರಿವೆ. ನಮ್ಮ ಮೇಳ ಅವನ್ನು ಆ ರಾಗಗಳಲ್ಲಿ ಹಾಡಿದ್ದನ್ನು ನಾನು ಕೇಳಿಲ್ಲ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಸೀಮೆಗೆ ಹಿಂದುಸ್ತಾನಿ ಸಂಗೀತ ಬಂದು ನೆಲೆನಿಂತಾಗ, ನಾಟಕ ಕಂಪನಿಗಳು ಊರೂರಿಗೆ ಠಿಕಾಣಿ ಹೂಡಿದಾಗ, ಭೀಮಪಲಾಸ, ಪೀಲೂ, ಜೋಗಿಯಾ, ಭೈರವಿ ಎಲ್ಲ ಭಜನೆಗೆ ಇಳಿದವು. ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ ಭೀಮಸೇನ ಜೋಶಿಯವರು ಕಲಿಯುತ್ತಿದ್ದ ಕಾಲಕ್ಕೆ ನಮ್ಮ ಊರುಗಳ ಗುಡಿಗಳಲ್ಲೂ ಅದೇ ರಾಗಗಳು, ಓದುಬರಹ ಇಲ್ಲದವರ ಬಾಯಲ್ಲಿ, ಭಜನಿ ಠೇಕಾದ ಮೇಲೆ ಓಡಾಡುತ್ತಿದ್ದವು. ಚಿಕ್ಕಂದಿನಲ್ಲಿ ಭೀಮಸೇನರು ಭಜನೆಯ ಹಿಂದೆ ಹೋಗಿ ಎಲ್ಲೆಂದರಲ್ಲಿ ಮಲಗಿಬಿಡುತ್ತಿದ್ದರಂತೆ. ಅದಕ್ಕೆ ಅವರ ತಂದೆ ಅಂಗಿಯ ಮೇಲೆ ಜೋಶಿ ಮಾಸ್ತರರ ಮಗ ಎಂದು ಬರೆದಿದ್ದರಂತೆ. ಗದುಗಿನ ಕಡೆ ಈ ಕಥೆ ಗೊತ್ತಿಲ್ಲದವರಿಲ್ಲ. ದೊಡ್ಡ ಗವಾಯಿಗಳು ಹುಟ್ಟಿದ ನೆಲ ಅಂತ ನಾವು ಧಾರವಾಡ ಸೀಮೆಯನ್ನು ಹೊಗಳುತ್ತೇವೆ. ಆ ನೆಲವನ್ನು ಹದ ಮಾಡಿದವರಲ್ಲಿ ಹೆಸರಿಲ್ಲದ ಭಜನಾ ಮೇಳಗಳೂ ಇವೆ ಎಂಬುದು ನನ್ನ ಗಟ್ಟಿ ನಂಬಿಕೆ.

ಪೇಟಿಯ ಬಗ್ಗೆ ಒಂದು ಮಾತು, ಐವತ್ತು ವರ್ಷ ಅದರ ಭಾತೆ ಒತ್ತಿದವನಾಗಿ. ಆಕಾಶವಾಣಿಯಲ್ಲಿ 1940ರಲ್ಲಿ ಹಾರ್ಮೋನಿಯಂ ನಿಷೇಧವಾಗಿತ್ತು. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ಅದಕ್ಕೆ ಒಳಗೆ ಜಾಗ ಇರಲಿಲ್ಲ. ಆ ನಿಷೇಧ ಸಡಿಲಾದದ್ದು 1971ರಲ್ಲಿ. ಅದರ ಸ್ವರಗಳು ಮನೆ ಕಟ್ಟಿಕೊಂಡು ಕೂತಿವೆ, ಮೀಂಡ್ ಬರುವುದಿಲ್ಲ, ನಮ್ಮ ಶ್ರುತಿಗಳಿಗೆ ಒಗ್ಗುವುದಿಲ್ಲ ಎಂಬುದು ಪಂಡಿತರ ಆಕ್ಷೇಪ. ಅದು ಸುಳ್ಳಲ್ಲ. ಆದರೆ ಗುಡಿಯ ಪೌಳಿಯಲ್ಲಿ ಇಪ್ಪತ್ತು ಜನ ಕೂತಾಗ, ಅದರಲ್ಲಿ ಹದಿನೈದು ಜನ ಇಡೀ ದಿನ ಕಳೆ ತೆಗೆದೋ ಗಾಡಿ ಹೊಡೆದೋ ಬಂದವರಾದಾಗ, ಎಲ್ಲರ ದನಿಯನ್ನು ಒಂದೇ ಸುರಿಗೆ ತಂದು ಕೂರಿಸುವ ಶಕ್ತಿ ಆ ಪೆಟ್ಟಿಗೆಗೆ ಇದೆ. ರೇಡಿಯೊ ಬೇಡ ಅಂದ ಮೂವತ್ತು ವರ್ಷ ಅದನ್ನು ಹಳ್ಳಿ ಹೊತ್ತುಕೊಂಡು ತಿರುಗಿತು. ದೊಡ್ಡಪ್ಪನ ಪೇಟಿಯನ್ನು ಜೋಳದ ಚೀಲದಂತೆ ಹೆಗಲ ಮೇಲೆ ಹೊತ್ತು, ಮಳೆ ಬಂದರೆ ತಮ್ಮ ಕಂಬಳಿ ತೆಗೆದು ಅದಕ್ಕೆ ಹೊದಿಸುತ್ತಿದ್ದವರನ್ನು ನಾನು ಕಂಡಿದ್ದೇನೆ.

ಈಗ ಅಮಾವಾಸ್ಯೆಯ ಭಜನೆಗೆ ಬರುತ್ತೇನೆ. ಸ್ಪರ್ಧೆಯಲ್ಲಿ ಕಳೆದುಹೋಗುವುದು ಏನು ಅಂತ ತಿಳಿಯಬೇಕಾದರೆ ಅಲ್ಲಿ ಒಂದು ರಾತ್ರಿ ಕೂರಬೇಕು.

ಊಟ ಮುಗಿಸಿ ಎಲ್ಲ ಹನುಮಪ್ಪನ ಗುಡಿಗೆ ಬರುತ್ತಾರೆ. ಜಮಖಾನೆ ಹಾಸಿರುತ್ತದೆ. ಮೊದಲು ಗಣಪತಿ, ಆಮೇಲೆ ಗುರುಸ್ತುತಿ. ಈ ಹೊತ್ತಿಗೆ ಹುಡುಗರಿಗೂ ತಾಳ ಸಿಗುತ್ತದೆ. ತಪ್ಪು ಹೊಡೆದರೂ ಯಾರೂ ಗದರುವುದಿಲ್ಲ. ನಂತರ ದಾಸರ ಪದ, ಕೈವಲ್ಯದ ಪದ. ಹನ್ನೊಂದರ ಸುಮಾರಿಗೆ ಚಹಾ ಬರುತ್ತದೆ, ಕಡಲೆ ಗುಗ್ಗರಿ ಬರುತ್ತದೆ. ಅಲ್ಲಿಗೆ ಅರ್ಧ ಜನ ಎದ್ದು ಹೋಗುತ್ತಾರೆ. ಉಳಿದವರು ಇನ್ನಷ್ಟು ಹತ್ತಿರ ಸರಿದು ಕೂರುತ್ತಾರೆ. ನಿಜವಾದ ತತ್ವಪದ ಆರಂಭವಾಗುವುದು ಆಗ. ಒಂದು ಪದಕ್ಕೆ ಮುಕ್ಕಾಲು ಗಂಟೆಯಾದರೂ ಆಗಬಹುದು, ಯಾಕೆಂದರೆ ನುಡಿನುಡಿಗೂ ನಿಂತು ಅರ್ಥ ಹೇಳುತ್ತಾರೆ.

ಅಂಥ ಒಂದು ರಾತ್ರಿ ನನಗೆ ಹನ್ನೆರಡು ವರ್ಷ ಇರುವಾಗಿನದು. ಕೋಡಗನನ್ನು ಕೋಳಿ ನುಂಗುವ ಶರೀಫರ ಪದ ನಡೆದಿತ್ತು. ಕುರಿ ಕಾಯುವ ಕಾಕಾ ಒಬ್ಬರು ಕೈ ಎತ್ತಿ ಹಾಡು ನಿಲ್ಲಿಸಿದರು. "ಕೋಡಗ ಅಂದ್ರ ಮನಸ್ಸು, ಒಪ್ಪಿದ್ನಿ. ಟೊಂಗಿಂದ ಟೊಂಗಿಗೆ ಹಾರತೈತಿ. ಆದ್ರ ಕೋಳಿ ಯಾಕ ನುಂಗಬೇಕ್ರಿ? ಹುಲಿ ಇದ್ದಿಲ್ಲೇನು?" ಅಂತ ಕೇಳಿದರು. ಹಾಡುವವರು ಪೇಟಿಯವರ ಮುಖ ನೋಡಿದರು. ದೊಡ್ಡಪ್ಪ ತಬಲಾದವರ ಮುಖ ನೋಡಿದರು. ಕಡೆಗೆ ಮೂಲೆಯಲ್ಲಿ ಕೂತಿದ್ದ ನೇಕಾರರೊಬ್ಬರು ನಿಧಾನವಾಗಿ ಹೇಳಿದರು: "ಹುಲಿ ಬಂದ್ರ ಕೋಡಗ ಗಿಡ ಏರತೈತಿ ಕಾಕಾ. ಕೋಳಿ ಏನ ಮಾಡತೈತಿ? ಬೆಳಗಾತು ಅಂತ ಕೂಗತೈತಿ. ಅರಿವು ಕೂಗಿದ್ರ ಮನಸ್ಸಿಗೆ ಏರಾಕ ಗಿಡ ಎಲ್ಲೈತಿ?" ಕುರಿಗಾರ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಡ್ರಿ" ಅಂದರು. ಹಿಮ್ಮೇಳ ಪಲ್ಲವಿ ಎತ್ತಿಕೊಂಡಿತು. ಆ ನೇಕಾರರ ವಿವರಣೆ ಸರಿಯೋ ತಪ್ಪೋ ಎನ್ನುವುದಕ್ಕಿಂತ, ಸಾಲಿಯ ಮೆಟ್ಟಿಲು ಹತ್ತದ ಇಬ್ಬರು ಮನುಷ್ಯರು ಅರಿವಿನ ಬಗ್ಗೆ ನಡುರಾತ್ರಿ ಹಾಗೆ ವಾದ ಮಾಡಿದ್ದು ನನ್ನೊಳಗೆ ಕೂತಿದೆ. ಮುಂದೆ ನಾನು ಮೂವತ್ತನಾಲ್ಕು ವರ್ಷ ಸಾಲಿಯಲ್ಲಿ ಕನ್ನಡ ಕಲಿಸಿದೆ. ಕವಿತೆಯನ್ನು ಹೇಗೆ ಕೇಳಬೇಕು ಎಂಬುದನ್ನು ನಾನು ಕಲಿತದ್ದು ಆ ಜಮಖಾನೆಯ ಮೇಲೆ.

ಕೋಳಿ ಕೂಗುವ ಹೊತ್ತಿಗೆ ಭೈರವಿ, ಆಮೇಲೆ ಮಂಗಳಾರತಿ. ಕೈವಲ್ಯ ಪದ್ಧತಿಯ ಪದಗಳು ಶಿವಕಾರುಣ್ಯದಿಂದ ಮೊದಲಾಗಿ ಯೋಗ, ಜ್ಞಾನದ ಕಡೆಗೆ ಹೇಗೆ ಸಾಗುತ್ತವೋ, ರಾತ್ರಿಯೂ ಹಾಗೇ ಸಾಗುತ್ತದೆ. ಸಂಜೆ ಬೇಡಿಕೊಳ್ಳುವ ಪದ, ನಡುರಾತ್ರಿ ಪ್ರಶ್ನೆಯ ಪದ, ಬೆಳಗಿನ ಜಾವ ಸುಮ್ಮನಾಗುವ ಪದ. ಯಾವುದನ್ನು ಯಾವಾಗ ಹಾಡಬೇಕೆಂದು ಹಿರಿಯರಿಗೆ ಗೊತ್ತಿತ್ತು. ಇದನ್ನು ಹತ್ತು ನಿಮಿಷಕ್ಕೆ ಕತ್ತರಿಸುವುದು ಹೇಗೆ?

ಆ ಕಾಲ ಎಲ್ಲ ಚಂದ ಇತ್ತು ಅಂತ ನಾನು ಹೇಳಲಾರೆ. ನಾನು ಸಣ್ಣವನಿದ್ದಾಗ ದಮ್ಮಡಿ ಬಾರಿಸುವವರು ಗುಡಿಯ ಒಳಗೆ ಬರುತ್ತಿರಲಿಲ್ಲ. ಬರಗೊಡುತ್ತಿರಲಿಲ್ಲ ಅಂತ ನೇರವಾಗಿ ಹೇಳಬೇಕು. ಅವರು ಹೊರಗಿನ ಕಟ್ಟೆಯ ಮೇಲೆ ಕೂತು, ಬಾಗಿಲೊಳಗಿಂದ ಬರುವ ತಾಳಕ್ಕೆ ಕಿವಿಗೊಟ್ಟು ಬಾರಿಸುತ್ತಿದ್ದರು. ಒಳಗೆ ಕುಲದ ಹಂಗು ಹರಿಯಬೇಕೆನ್ನುವ ಪದ, ಹೊರಗೆ ಚಳಿಯಲ್ಲಿ ಅವರು. ಚಹಾ ಬೇರೆ ಬಟ್ಟಲಲ್ಲಿ. ಹೆಂಗಸರು ಕಂಬದ ಹಿಂದೆ ಕೂತು ಕೇಳಬಹುದಿತ್ತು, ಹಾಡುವಂತಿರಲಿಲ್ಲ. ಇವತ್ತು ದಮ್ಮಡಿಯವರ ಮಗ ನನ್ನ ಎಡಕ್ಕೆ ಕೂರುತ್ತಾನೆ, ಮೇಳದ ಲೆಕ್ಕಪತ್ರ ಅವನದೇ. ನನ್ನ ತಂಗಿ ಮತ್ತು ಅವಳ ಓರಗೆಯವರು ಮಂಗಳವಾರಕ್ಕೊಂದು ಮೇಳ ಕಟ್ಟಿದ್ದಾರೆ. ಅವರ ಸುರು ನಮಗಿಂತ ಗಟ್ಟಿ. ಸ್ಪರ್ಧೆಗಳು ಹೆಣ್ಣುಮಕ್ಕಳ ಮೇಳಗಳನ್ನು ಕರೆದು ವೇದಿಕೆ ಹತ್ತಿಸಿದ್ದರಿಂದ ಈ ಕೆಲಸ ಬೇಗ ಆಯಿತು ಎಂಬುದನ್ನೂ ನಾನು ಮುಚ್ಚಿಡುವುದಿಲ್ಲ. ಅದು ಅವುಗಳ ದೊಡ್ಡ ಉಪಕಾರ.

ಹಾಗಿದ್ದೂ ಗಂಟೆಯ ಬಗ್ಗೆ ನನ್ನ ತಕರಾರು ಇದ್ದೇ ಇದೆ. ಹತ್ತು ನಿಮಿಷದಲ್ಲಿ ಬಹುಮಾನ ಬರಬೇಕಾದರೆ ತೀರ್ಪುಗಾರರ ಕಿವಿಯನ್ನು ಮೊದಲ ನಿಮಿಷದಲ್ಲೇ ಹಿಡಿಯಬೇಕು. ಹಾಗಾಗಿ ವಿಳಂಬದ ಪದಗಳು ಹೋದವು. ಅರ್ಥ ಹೇಳುವುದಂತೂ ಮೊದಲೇ ಹೋಯಿತು. ಎಲ್ಲರಿಗೂ ಗೊತ್ತಿರುವ ಪದ, ಎಲ್ಲರಿಗೂ ಗೊತ್ತಿರುವ ಮಟ್ಟು ಬೇಕು. ಸಿ. ಅಶ್ವಥ್ ಅವರು ಶರೀಫರನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ನಾಗಾಭರಣ ಅವರ ಸಿನಿಮಾ ಬಂದಾಗ ನಾವೇ ಟ್ರ್ಯಾಕ್ಟರ್ ಮಾಡಿಕೊಂಡು ನೋಡಿ ಬಂದಿದ್ದೆವು. ಆ ದನಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಆದರೆ ಶಿಶುನಾಳಕ್ಕೆ ಇಷ್ಟು ಸಮೀಪದ ಊರಿನ ಹುಡುಗ, ತನ್ನ ಅಜ್ಜ ಹಾಡುತ್ತಿದ್ದ ಮಟ್ಟು ಬಿಟ್ಟು ಮೊಬೈಲಿನಿಂದ ಕ್ಯಾಸೆಟ್ಟಿನ ಮಟ್ಟು ಕಲಿತು ಸ್ಪರ್ಧೆಗೆ ಹೋಗುವುದನ್ನು ಕಂಡಾಗ ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ. ಸ್ಪರ್ಧೆಯ ದಿನ ನಾನು ಸಂಜೆವರೆಗೆ ಕೂತು ಬರೆದುಕೊಂಡೆ. ಅಷ್ಟೂ ಮೇಳಗಳು ಸೇರಿ ಹಾಡಿದ ಬೇರೆಬೇರೆ ಪದ ಹದಿನಾಲ್ಕು. ಒಂದೇ ಪದವನ್ನು ಒಂಬತ್ತು ಮೇಳ ಹಾಡಿದವು. ಕೈವಲ್ಯ ಪದ್ಧತಿಯದು ಒಂದೂ ಇರಲಿಲ್ಲ.

ಮನೆಗೆ ಬಂದು ದೊಡ್ಡಪ್ಪನ ವಹಿ ತೆಗೆದೆ. 214ರಲ್ಲಿ ನಮ್ಮ ಮೇಳ ಇವತ್ತು ಪೂರ್ತಿ ಹಾಡಬಲ್ಲದ್ದು ಎಷ್ಟು ಅಂತ ಹಿರಿಯರನ್ನು ಕೂರಿಸಿಕೊಂಡು ಗುರುತು ಹಾಕಿದೆವು. 31 ಬಂತು. ಸಾಹಿತ್ಯ ಗೊತ್ತಿದ್ದು ಮಟ್ಟು ಮರೆತದ್ದು ಇನ್ನೊಂದಿಷ್ಟು. ಪುಸ್ತಕ ಇದೆಯಲ್ಲ ಅನ್ನಬಹುದು. ನಿಜ, ತತ್ವಪದಗಳು ಈಚೆಗೆ ಸಂಪುಟಗಳಾಗಿ ಬಂದಿವೆ, ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ಅದಕ್ಕೆ ದುಡಿದಿದೆ. ಅಚ್ಚಾದ ಸಾಹಿತ್ಯ ಉಳಿಯುತ್ತದೆ. ಎಲ್ಲಿ ಉಸಿರು ಬಿಡಬೇಕು, ಯಾವ ಶಬ್ದವನ್ನು ಹಿಮ್ಮೇಳಕ್ಕೆ ಬಿಟ್ಟುಕೊಡಬೇಕು, ಯಾವ ನುಡಿಗೆ ಠೇಕಾ ಏರಿಸಬೇಕು ಎಂಬುದು ಹಾಡಿದರಷ್ಟೇ ಉಳಿಯುತ್ತದೆ.

ಆದ್ದರಿಂದ ಸ್ಪರ್ಧೆ ನಡೆಸುವ ಸಂಘಗಳಿಗೆ, ಮಠಗಳಿಗೆ, ಸಂಸ್ಕೃತಿ ಇಲಾಖೆಯವರಿಗೆ ನನ್ನ ಕೇಳಿಕೆ ಹೀಗಿದೆ. ಒಂದು ಹಗಲಿಗೆ 40 ಮೇಳ ಕರೆಯುವ ಬದಲು ಒಂದು ರಾತ್ರಿಗೆ ಐದು ಮೇಳ ಕರೆಯಿರಿ. ವರ್ಷಕ್ಕೆ ನಾಲ್ಕು ರಾತ್ರಿ ಸಾಕು, ಸರದಿ ಬರಲಿ. ಪದ ಶುರುವಾದ ಮೇಲೆ ಅಂಕಿತ ಬರುವವರೆಗೆ ಗಂಟೆ ಮುಟ್ಟಬೇಡಿ. ಆ ವರ್ಷ ಬೇರೆ ಯಾರೂ ಹಾಡದ ಪದ ತಂದ ಮೇಳಕ್ಕೊಂದು ಶಾಲು ಹೊದಿಸಿ. ಅರ್ಥ ಕೇಳಲು ಕುಳಿತವರಿಗೂ ಬಾಯಿ ತೆರೆಯಲು ಬಿಡಿ. ಒಂದೇ ಬಣ್ಣದ ಜುಬ್ಬಾ, ಎಂಟೇ ಜನ ಎಂಬ ನಿಯಮ ಯಾಕೆ? ಹಿಂದೆ ಕೂತು ತಪ್ಪುತಪ್ಪಾಗಿ ತಾಳ ಹೊಡೆಯುವ ಒಂಬತ್ತನೆಯ ಹುಡುಗನೇ ನಾಳೆ ಮುಂದೆ ಹಾಡಬೇಕಾದವನು. ಎಂಟರ ಲೆಕ್ಕದಲ್ಲಿ ಮೊದಲು ಮನೆಗೆ ಹೋಗುವವನೂ ಅವನೇ.

ಮೇಳದವರಿಗೂ ಒಂದು ಮಾತಿದೆ. ನಿಮ್ಮ ಮನೆಯ ಅಟ್ಟದ ಮೇಲೆ, ಟ್ರಂಕಿನಲ್ಲಿ, ದೇವರ ಮಾಡದಲ್ಲಿ ಇಂಥ ವಹಿಗಳು ಇದ್ದಾವೆ. ಗೆದ್ದಲು ಹತ್ತುವ ಮುಂಚೆ ಇಳಿಸಿ. ಮೊಬೈಲು ಎಲ್ಲರ ಕೈಯಲ್ಲಿದೆ. ಎಪ್ಪತ್ತು ದಾಟಿದವರನ್ನು ಕೂರಿಸಿ ಒಂದೊಂದು ಪದ ಹಾಡಿಸಿ ಇಟ್ಟುಕೊಳ್ಳಿ, ಊರಿನ ಹೆಸರು ಹೇಳಿಸಿ.

ನಾವು ಹೋದ ದೀಪಾವಳಿ ಅಮಾವಾಸ್ಯೆಯಿಂದ ಒಂದು ಪದ್ಧತಿ ಹಾಕಿಕೊಂಡಿದ್ದೇವೆ. ತಿಂಗಳಿಗೆ ವಹಿಯ ಒಂದು ಪದ, ಮರೆತದ್ದೇ ಆಗಬೇಕು. ಪದ ಎತ್ತಿ ಬರೆಯುವ ಕೆಲಸ ದಮ್ಮಡಿಯವರ ಮೊಮ್ಮಗಳದು. ಒಂಬತ್ತನೇ ಇಯತ್ತೆ, ಅಕ್ಷರ ದುಂಡಗೆ. ಈ ತಿಂಗಳು ಅವಳಿಗೆ ಬಂದದ್ದು 47ನೇ ಪದ, ಸರ್ಪಭೂಷಣರದು. ಎರಡನೇ ನುಡಿಯ ನಡುವಿನ ಸಾಲನ್ನು ಹುಳ ತಿಂದಿದೆ. ಅವಳು ಅಷ್ಟು ಜಾಗ ಖಾಲಿ ಬಿಟ್ಟು ಮುಂದಿನದನ್ನು ಬರೆದು ತಂದು ತೋರಿಸಿದಳು. ಕೆಳಗೆ ದೊಡ್ಡಪ್ಪ ಬರೆದಿದ್ದ ಊರಿನ ಹೆಸರನ್ನೂ ಬಿಡದೆ ಇಳಿಸಿಕೊಂಡಿದ್ದಳು. ಆ ಊರಿನಲ್ಲಿ ಈ ಪದ ಬಲ್ಲ ಅಜ್ಜಿಯೊಬ್ಬರು ಇನ್ನೂ ಇದ್ದಾರೆಂದು ಬಡಿಗ್ಯಾರ ಹಿರಿಯರು ವಿಚಾರಿಸಿ ಬಂದಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಎಂಟರ ಬಸ್ಸಿಗೆ ನಾವು ಮೂವರೂ ಹೊರಡುತ್ತೇವೆ. ವಹಿ ನನ್ನ ಚೀಲದಲ್ಲಿರುತ್ತದೆ, ತಾಳ ಅವಳ ಕೈಯಲ್ಲಿ.